ಅನ್ನದೊಳಗಿನ ವಿಷ: ರಸಾಯನ ವಿಜ್ಞಾನದ ಸಾಕ್ಷ್ಯ



ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಕಡೆ ಬೆಳೆಗೆ ಸಿಂಪಡಿಸುವ ಕೀಟನಾಶಕವನ್ನು 'ಎಣ್ಣಿ' ಎನ್ನುವುದು ರೂಢಿ. ನಿಮ್ಮ ಮನೆಯ ಮೂಲೆಯಲ್ಲೂ ಅಂಥದೊಂದು ಬಾಟಲಿ ಇದ್ದೀತು. ಆದರೆ ಈ ಹೆಸರು ಎಷ್ಟು ಮೋಸಗೊಳಿಸುತ್ತದೆ, ನೋಡಿ! ಮೊನೊಕ್ರೋಟೋಫಾಸ್ ಎಂಬ ಕೀಟನಾಶಕ ಎಣ್ಣೆಯಂತೆ ತೇಲುವುದಿಲ್ಲ. ನೀರಿನೊಡನೆ ಸಂಪೂರ್ಣವಾಗಿ ಬೆರೆತುಬಿಡುತ್ತದೆ.

2018ರ ಡಿಸೆಂಬರ್ 14ರಂದು ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯ ಮಾರಮ್ಮನ ಗುಡಿಯಲ್ಲಿ ಪ್ರಸಾದ ಉಂಡವರಲ್ಲಿ 17 ಮಂದಿ ಸತ್ತರು, ನೂರಕ್ಕೂ ಹೆಚ್ಚು ಜನ ಅಸ್ವಸ್ಥರಾದರು. ಆ ಪ್ರಸಾದದಲ್ಲಿದ್ದುದು ಇದೇ ಮೊನೊಕ್ರೋಟೋಫಾಸ್ ಎಂದು ವಿಧಿವಿಜ್ಞಾನ ಪ್ರಯೋಗಾಲಯದ ಪರೀಕ್ಷೆ ತಿಳಿಸಿತು. ಐದು ವರ್ಷ ಮೊದಲು, 2013ರ ಜುಲೈನಲ್ಲಿ, ಬಿಹಾರದ ಶಾಲೆಯೊಂದರ ಬಿಸಿಯೂಟದಲ್ಲಿ 23 ಮಕ್ಕಳನ್ನು ಕೊಂದದ್ದೂ ಅದೇ ವಿಷ.

ಹಾಗಾದರೆ ತುತ್ತು ಅನ್ನದಲ್ಲಿ ಅಡಗಿದ ವಿಷವನ್ನು ಬೇರ್ಪಡಿಸುವುದು ಹೇಗೆ? ಅನ್ನದಲ್ಲಿ ಪಿಷ್ಟವಿದೆ, ಜಿಡ್ಡಿದೆ, ಮಸಾಲೆಯಿದೆ. ಮೊದಲು ಹೆಕ್ಸೇನ್‌ನಿಂದ ಜಿಡ್ಡನ್ನು ತೊಳೆದು ತೆಗೆಯಬಹುದು. ಮೊನೊಕ್ರೋಟೋಫಾಸ್ ಹೆಕ್ಸೇನ್‌ಗೆ ಹೋಗದೆ ಹಿಂದೆಯೇ ಉಳಿಯುತ್ತದೆ. ಅನಂತರ ಡೈಕ್ಲೋರೋಮೀಥೇನ್ ಹಾಕಿದರೆ ಅದರೊಳಕ್ಕೆ ಇಳಿಯುತ್ತದೆ. ಯಾವ ಗುಣದಿಂದ ಅದು ಅಡುಗೆಯಲ್ಲಿ ಅಡಗಿತೋ ಅದೇ ಗುಣ ಇಲ್ಲಿ ಅದನ್ನು ಹಿಡಿದುಕೊಡುತ್ತದೆ.

ಮುಂದಿನ ಹಂತದಲ್ಲಿ ಈ ದ್ರಾವಣದ ಆವಿಯನ್ನು ಕೂದಲೆಳೆಯಂಥ ಉದ್ದನೆಯ ನಳಿಕೆಯಲ್ಲಿ ಹಾಯಿಸುತ್ತಾರೆ. ಒಂದೊಂದು ವಸ್ತುವೂ ತನ್ನದೇ ಸಮಯಕ್ಕೆ ಹೊರಬರುತ್ತದೆ. ಬಂದ ಅಣುವನ್ನು ಎಲೆಕ್ಟ್ರಾನುಗಳಿಂದ ಒಡೆದು ತುಂಡುಗಳನ್ನು ತೂಗುತ್ತಾರೆ. ಮೊನೊಕ್ರೋಟೋಫಾಸ್‌ನ ಅಣುತೂಕ 223. ಒಡೆದಾಗ ಎದ್ದು ಕಾಣುವ ತುಂಡಿನ ತೂಕ 127. ಅಷ್ಟಕ್ಕೇ 'ಸಿಕ್ಕಿತು' ಎನ್ನುವಂತಿಲ್ಲ. ಮೆವಿನ್‌ಫಾಸ್ ಎಂಬ ಸೋದರ ವಿಷವೂ 127ರ ತುಂಡನ್ನೇ ಕೊಡುತ್ತದೆ. ಆದ್ದರಿಂದ ಹೊರಬಂದ ಸಮಯವೂ ಉಳಿದ ತುಂಡುಗಳ ಪ್ರಮಾಣವೂ ಶುದ್ಧ ಮಾದರಿಯೊಂದಿಗೆ ತಾಳೆಯಾಗಬೇಕು. ಪರೀಕ್ಷೆಯಲ್ಲಿ ಒಂದೇ ಸಂಖ್ಯೆ ನೆನಪಿಟ್ಟು ಉತ್ತರ ಬರೆಯುವ ನಮ್ಮ ಅಭ್ಯಾಸ ಇಲ್ಲಿ ನಡೆಯದು!

ಮೃತದೇಹದಿಂದ ತೆಗೆದ ಅಂಗಾಂಶಗಳನ್ನು ಅಡಿಗೆ ಉಪ್ಪಿನ ಗಟ್ಟಿ ದ್ರಾವಣದಲ್ಲಿಟ್ಟು, ಮೊಹರು ಹಾಕಿ ಕಳುಹಿಸುತ್ತಾರೆ. ಜೊತೆಗೆ ಬರಿಯ ಉಪ್ಪು ದ್ರಾವಣದ ಇನ್ನೊಂದು ಶೀಶೆಯೂ ಹೋಗುತ್ತದೆ. ವಿಷ ಉಪ್ಪಿನಲ್ಲೇ ಇತ್ತೇನೋ ಎಂದು ನ್ಯಾಯಾಲಯದಲ್ಲಿ ವಕೀಲರು ಕೇಳಿದರೆ ಉತ್ತರ ಬೇಡವೇ?

ವೈದ್ಯರು ಮಾತ್ರ ಈ ವರದಿಗೆ ಕಾಯಲಾರರು. ಈ ವಿಷ ನರಗಳ ಸಂದೇಶವನ್ನು ನಿಲ್ಲಿಸುವ ಕೋಲಿನೆಸ್ಟರೇಸ್ ಎಂಬ ಕಿಣ್ವವನ್ನು ಕಟ್ಟಿಹಾಕುತ್ತದೆ. ಬೆವರು, ಜೊಲ್ಲು ಸುರಿಯುತ್ತವೆ, ಕಣ್ಣಿನ ಪಾಪೆ ಕಿರಿದಾಗುತ್ತದೆ, ಉಸಿರಾಟ ಕುಸಿಯುತ್ತದೆ. ಲಕ್ಷಣ ಕಂಡೊಡನೆ ಅಟ್ರೋಪಿನ್ ಚುಚ್ಚುತ್ತಾರೆ. ಆಗ ಬಾಟಲಿಯ ಮೇಲಿನ ಚೀಟಿ ಬಹಳ ನೆರವಾಗುತ್ತದೆ. ಔಷಧಿಯನ್ನು ನೀರಿನ ಬಾಟಲಿಗೆ ಬಗ್ಗಿಸಿಟ್ಟ ಮನೆಯಿಂದ ರೋಗಿ ಬಂದರೆ ಆ ಚೀಟಿಯೂ ಇರುವುದಿಲ್ಲ. ಇಂದು ಸಂಜೆ ನಿಮ್ಮ ಮನೆಯ ಬಾಟಲಿಯ ಚೀಟಿಯನ್ನೊಮ್ಮೆ ಓದಿ, ಅದರ ಮೇಲಿನ ತ್ರಿಕೋನ ಕೆಂಪೋ ಹಳದಿಯೋ ನೋಡಿ. ಕೆಂಪಾಗಿದ್ದರೆ ಅದು ಅತಿ ತೀವ್ರ ವಿಷ.