ಸ್ಯಾನ್ ಫ್ರಾನ್ಸಿಸ್ಕೋ ಯಾವ ದಿಕ್ಕಿಗಿದೆ?

ಬೆಂಗಳೂರಿನ ಹೆಬ್ಬಾಳ ಫ್ಲೈಓವರ್ ಮೇಲೆ ಸಿಕ್ಕಿಹಾಕಿಕೊಂಡು, ಗಡಿಯಾರ ನೋಡುತ್ತಾ ಏರ್‌ಪೋರ್ಟ್ ಕಡೆ ಹೊರಟವರಿಗೆ ಒಂದು ಪ್ರಶ್ನೆ. ಸ್ಯಾನ್ ಫ್ರಾನ್ಸಿಸ್ಕೋ ನಮಗೆ ಯಾವ ದಿಕ್ಕಿಗಿದೆ? ಶಾಲೆಯ ಗೋಡೆಗೆ ತೂಗುಹಾಕಿದ್ದ ಭೂಪಟ ನೆನೆದು ಪಶ್ಚಿಮ ಅಂತೀರಿ. ಅಲ್ಲ, ಹೆಚ್ಚುಕಡಿಮೆ ಉತ್ತರಕ್ಕೆ. ಗ್ಲೋಬ್ ಮೇಲೆ ಎರಡೂ ಊರಿಗೆ ದಾರ ಹಿಡಿದು ಬಿಗಿಯಾಗಿ ಎಳೆಯಿರಿ. ಅದು ನೇಪಾಳ, ಟಿಬೆಟ್, ಮಂಗೋಲಿಯಾ, ಸೈಬೀರಿಯಾ ದಾಟಿ, ಅಲಾಸ್ಕಾ ಮೇಲಿಂದ ಕ್ಯಾಲಿಫೋರ್ನಿಯಾಕ್ಕೆ ಇಳಿಯುತ್ತದೆ. ಅಳತೆ ಸುಮಾರು 14,000 ಕಿಲೋಮೀಟರ್.

ಎಚ್‌ಎಎಲ್ ಹಳೇ ವಿಮಾನ ನಿಲ್ದಾಣದ ಕಾಲದಲ್ಲಿ ಇಲ್ಲಿಂದ ಅಲ್ಲಿಗೆ ನೇರ ವಿಮಾನವೇ ಇರಲಿಲ್ಲ. ಫ್ರಾಂಕ್‌ಫರ್ಟೋ ಲಂಡನ್ನೋ ಸಿಂಗಪುರವೋ, ಎಲ್ಲಾದರೂ ಇಳಿದು ಕಾಯಬೇಕಿತ್ತು. 2008ರ ಮೇ 24ರಂದು ದೇವನಹಳ್ಳಿಯ ನಿಲ್ದಾಣ ತೆರೆದ ಮೇಲೂ ಬಹಳ ವರ್ಷ ಅದೇ ಕಥೆ.

2021ರ ಜನವರಿ 9ರ ರಾತ್ರಿ ಏರ್ ಇಂಡಿಯಾದ ಬೋಯಿಂಗ್ 777-200 ಎಲ್‌ಆರ್ ಸ್ಯಾನ್ ಫ್ರಾನ್ಸಿಸ್ಕೋದಿಂದ ಮೇಲೆದ್ದಿತು. ಕಾಕ್‌ಪಿಟ್‌ನಲ್ಲಿ ಎಲ್ಲರೂ ಹೆಣ್ಣುಮಕ್ಕಳೇ: ಕ್ಯಾಪ್ಟನ್ ಝೋಯಾ ಅಗರ್ವಾಲ್, ಪಾಪಗಾರಿ ತನ್ಮಯಿ, ಆಕಾಂಕ್ಷಾ ಸೋನಾವರೆ, ಶಿವಾನಿ ಮನ್ಹಾಸ್. ಉತ್ತರ ಧ್ರುವದ ಮೇಲೆ ಹಾದು, ಹದಿನೇಳು ಗಂಟೆ ಹಾರಿ, 11ರ ಬೆಳಗಿನ ಜಾವ ಬೆಂಗಳೂರಿನಲ್ಲಿ ಇಳಿದರು. ಪ್ರಯಾಣಿಕರ ಪಾಲಿಗೆ 10ನೇ ತಾರೀಖು ಗಾಳಿಯಲ್ಲೇ ಕಳೆದುಹೋಯಿತು.

ಆದರೆ ಅವರು ಹಾರಿದ್ದು ಸುಮಾರು 16,000 ಕಿಲೋಮೀಟರ್. ನೇರ ದಾರಿ ಬಿಟ್ಟು ಇಷ್ಟು ಸುತ್ತೇಕೆ?

ಒಂದು ಕಾರಣ ಗಾಳಿ. ಅಷ್ಟು ಎತ್ತರದಲ್ಲಿ ಜೆಟ್ ಸ್ಟ್ರೀಮ್ ಪಶ್ಚಿಮದಿಂದ ಪೂರ್ವಕ್ಕೆ ರಭಸವಾಗಿ ಬೀಸುತ್ತದೆ. ಅದಕ್ಕೆ ಎದುರಾಗಿ ಹಾರುವುದಕ್ಕಿಂತ ಧ್ರುವ ಬಳಸುವುದೇ ಲಾಭ. ಇನ್ನೊಂದು ಟಿಬೆಟ್, ನನ್ನ ಮಟ್ಟಿಗೆ ಈ ಕಥೆಯ ಸ್ವಾರಸ್ಯ ಇರುವುದು ಇಲ್ಲಿ. ವಿಮಾನದೊಳಗಿನ ಒತ್ತಡ ಕುಸಿದರೆ ತಲೆಯ ಮೇಲಿಂದ ಹಳದಿ ಆಮ್ಲಜನಕ ಮುಖವಾಡ ಬೀಳುತ್ತದಲ್ಲ, ಸಾಮಾನ್ಯವಾಗಿ ಅದರ ಆಯಸ್ಸು ಹದಿನೈದು ಇಪ್ಪತ್ತು ನಿಮಿಷ. ಅಷ್ಟರೊಳಗೆ ಪೈಲಟ್ ವಿಮಾನವನ್ನು 10,000 ಅಡಿಗೆ, ಅಂದರೆ ಮೂರು ಸಾವಿರ ಮೀಟರಿಗೆ ಇಳಿಸಬೇಕು. ಟಿಬೆಟ್‌ನಲ್ಲಿ ನೆಲವೇ ನಾಲ್ಕೂವರೆ ಸಾವಿರ ಮೀಟರ್ ಮೇಲಿದೆ! ಇಳಿಯುವುದೆಲ್ಲಿಗೆ? ಹಾಗಾಗಿ ವಿಮಾನಗಳು ಆ ಕಡೆ ಸುಳಿಯುವುದು ಅಪರೂಪ.

ಇಲ್ಲಿಂದ ಹೋಗುವಾಗ ಅದೇ ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ಪೆಸಿಫಿಕ್ ದಾಟಬಹುದು. ಹದಿನಾರು ಗಂಟೆಯ ಆಸುಪಾಸು ಸಾಕು. ಗಡಿಯಾರದ ಅಂತರ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ. ಮಧ್ಯಾಹ್ನ ಹೊರಟವರು ಅದೇ ದಿನ ಸಂಜೆಗೇ ಅಲ್ಲಿ!

ಅಮೆರಿಕದ ಯುನೈಟೆಡ್ ಏರ್‌ಲೈನ್ಸ್ ಕೂಡ ಇದೇ ಎರಡು ಊರುಗಳ ನಡುವೆ ನೇರ ವಿಮಾನ ಘೋಷಿಸಿತ್ತು. ಉಕ್ರೇನ್ ಯುದ್ಧ ಶುರುವಾಯಿತು. ಅಮೆರಿಕದ ವಿಮಾನಗಳಿಗೆ ರಷ್ಯಾದ ಆಕಾಶ ಮುಚ್ಚಿತು. ಏರ್ ಇಂಡಿಯಾಕ್ಕೆ ಆ ದಾರಿ ತೆರೆದೇ ಇತ್ತು. ಯುನೈಟೆಡ್ ವಿಮಾನ ಮಾತ್ರ ದೇವನಹಳ್ಳಿಗೆ ಬರಲೇ ಇಲ್ಲ.