ಯುಪಿಎಸ್ ಬ್ಯಾಟರಿಗೇಕೆ ಬಾಯಾರಿಕೆ?

ಕರೆಂಟು ಹೋದರೂ ಯುಪಿಎಸ್ ಇರುವ ಮನೆಯಲ್ಲಿ ಫ್ಯಾನು ತಿರುಗುತ್ತಲೇ ಇರುತ್ತದೆ. ಆಗ ಕರೆಂಟು ಕೊಡುವುದು ಮೂಲೆಯಲ್ಲಿ ಕೂತಿರುವ ದಪ್ಪ ಬ್ಯಾಟರಿ. ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಇಂಥ ಬ್ಯಾಟರಿಯನ್ನು ಮೊದಲು ಮಾಡಿದವರು ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ, 1859ರಲ್ಲಿ. ಅದರ ಒಳಗಿನ ರಸಾಯನ ಇಂದಿಗೂ ಅದೇ.

12 ವೋಲ್ಟಿನ ಬ್ಯಾಟರಿಯೊಳಗೆ 6 ಕೋಣೆಗಳಿವೆ, ಒಂದೊಂದರದ್ದೂ ಸುಮಾರು 2 ವೋಲ್ಟ್. ಪ್ರತಿ ಕೋಣೆಯಲ್ಲೂ ಸೀಸದ ಫಲಕ, ಸೀಸದ ಡೈಆಕ್ಸೈಡಿನ ಫಲಕ, ಇವೆರಡನ್ನೂ ಮುಳುಗಿಸುವಷ್ಟು ನೀರು ಬೆರೆಸಿದ ಗಂಧಕಾಮ್ಲ. ಬ್ಯಾಟರಿ ಕರೆಂಟು ಕೊಡುವಾಗ ಆಮ್ಲದಲ್ಲಿನ ಸಲ್ಫೇಟ್ ಹೋಗಿ ಎರಡೂ ಫಲಕಗಳಿಗೆ ಸೇರಿಕೊಳ್ಳುತ್ತದೆ, ಉಳಿದ ದ್ರವ ನೀರುನೀರಾಗುತ್ತದೆ. ತುಂಬಿದ ಬ್ಯಾಟರಿಯ ಒಂದು ಲೀಟರ್ ದ್ರವ ಸುಮಾರು 1.25 ಕಿಲೋ ತೂಗಿದರೆ, ಖಾಲಿಯಾದಾಗ 1.1 ಕಿಲೋ ಆಸುಪಾಸಿಗೆ ಇಳಿಯುತ್ತದೆ. ಮೆಕ್ಯಾನಿಕ್ ಗಾಜಿನ ಕೊಳವೆಯಲ್ಲಿ ದ್ರವ ಎಳೆದು ನೋಡುವುದು ಇದನ್ನೇ. ಚಾರ್ಜ್ ಮಾಡಿದಾಗ ಸಲ್ಫೇಟ್ ಫಲಕ ಬಿಟ್ಟು ದ್ರವಕ್ಕೆ ವಾಪಸು ಬರುತ್ತದೆ.

ಹಾಗಾದರೆ ಬ್ಯಾಟರಿಯಲ್ಲಿ ಆಗಾಗ ಕಡಿಮೆಯಾಗುವ ನೀರು ಎಲ್ಲಿಗೆ ಹೋಗುತ್ತದೆ? ಬ್ಯಾಟರಿ ತುಂಬುತ್ತ ಬಂದಂತೆ ಹೆಚ್ಚಾದ ಕರೆಂಟು ನೀರನ್ನೇ ಒಡೆದು ಜಲಜನಕ, ಆಮ್ಲಜನಕ ಮಾಡಿ ಹೊರಗೆ ಬಿಡುತ್ತದೆ. ಹೋದದ್ದು ನೀರು, ಆಮ್ಲ ಅಲ್ಲ. ಅದಕ್ಕೇ ನೀರಿನ ಮಟ್ಟ ತೋರಿಸುವ ಕಡ್ಡಿಯ ಗುರುತು ಕೆಂಪಿಗೆ ಇಳಿದಾಗ ದೊಡ್ಡವರು ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕುತ್ತಾರೆ. ಬೋರ್‌ವೆಲ್ ನೀರು ಹಾಕಿದರೆ ಅದರ ಲವಣಗಳು ಆವಿಯಾಗಿ ಹೋಗುವುದಿಲ್ಲ, ಒಳಗೇ ಉಳಿದು ಫಲಕ ಕೆಡಿಸುತ್ತವೆ. ಜಲಜನಕ ಕಿಡಿ ತಾಗಿದರೆ ಸಿಡಿಯುವ ಅನಿಲ. ಆಯುಧಪೂಜೆಯ ದಿನ ಬ್ಯಾಟರಿಗೂ ಕುಂಕುಮ ಹಚ್ಚಿ, ಬೇಡ ಅನ್ನುವುದಿಲ್ಲ. ಊದುಬತ್ತಿ, ಆರತಿ ಮಾತ್ರ ದೂರವಿರಲಿ.

ಬ್ಯಾಟರಿಗೆ ನಿಜವಾದ ಶತ್ರು ಖಾಲಿಯಾಗಿ ಬಿದ್ದಿರುವುದು. ಬೇಸಿಗೆ ರಜೆಗೆ ಮನೆಗೆ ಬೀಗ ಹಾಕಿ, ಮೇನ್ ಸ್ವಿಚ್ಚೂ ಆರಿಸಿ ಊರಿಗೆ ಹೋದಿರಿ ಎನ್ನಿ. ಚಾರ್ಜ್ ಸಿಗದ ಬ್ಯಾಟರಿ ಮೆಲ್ಲಗೆ ಖಾಲಿಯಾಗುತ್ತದೆ. ಫಲಕದ ಮೇಲಿನ ಸಲ್ಫೇಟ್ ಮೊದಲು ಸಣ್ಣ ಹರಳು. ಚಾರ್ಜ್ ಸಿಕ್ಕರೆ ಬೇಗ ಕರಗುತ್ತದೆ. ವಾರಗಟ್ಟಲೆ ಬಿಟ್ಟರೆ ಹರಳು ಬೆಳೆದು ಗಟ್ಟಿಯಾಗುತ್ತದೆ. ಪುಡಿ ಸಕ್ಕರೆ ಹಾಲಿನಲ್ಲಿ ಥಟ್ಟನೆ ಕರಗಿ, ಕಲ್ಲುಸಕ್ಕರೆ ತಳದಲ್ಲೇ ಕೂರುತ್ತದಲ್ಲ, ಹಾಗೆ. ಅಂಗಡಿಯವರು ಸಣ್ಣ ಕರೆಂಟಿನಲ್ಲಿ ಬಹಳ ಹೊತ್ತು ಚಾರ್ಜ್‌ಗೆ ಇಟ್ಟು ಈ ಹರಳನ್ನು ಸ್ವಲ್ಪ ಕರಗಿಸಬಲ್ಲರು, ತಡವಾಗಿರದಿದ್ದರೆ. ಎಪ್ಸಮ್ ಉಪ್ಪು ಹಾಕಿದರೆ ಸತ್ತ ಬ್ಯಾಟರಿ ಎದ್ದು ಕೂರುತ್ತದೆ ಎನ್ನುವವರೂ ಇದ್ದಾರೆ. ನಾನಂತೂ ನಂಬುವುದಿಲ್ಲ: ಫಲಕದಿಂದ ಉದುರಿ ತಳ ಸೇರಿದ ಸೀಸವನ್ನು ಯಾವ ಉಪ್ಪೂ ಮೇಲೆತ್ತಿ ಅಂಟಿಸದು.

ಮುಚ್ಚಳ ತೆಗೆಯುವುದು ನಿಮ್ಮ ಕೆಲಸವಲ್ಲ. ಆಮ್ಲ ಚರ್ಮ, ಕಣ್ಣು ಎರಡನ್ನೂ ಸುಡುತ್ತದೆ. ಕಡ್ಡಿಯ ಗುರುತು ನೋಡಿ ಅಪ್ಪ ಅಮ್ಮನಿಗೆ ಹೇಳುವುದು ಮಾತ್ರ ನಿಮ್ಮದೇ ಆಗಬಹುದು. ಹೊಸ ಬ್ಯಾಟರಿ ಕೊಳ್ಳುವಾಗ ಹಳೆಯದಕ್ಕೆಂದು ಅಂಗಡಿಯವರು ಬೆಲೆಯಲ್ಲಿ ಒಂದಿಷ್ಟು ಹಣ ಬಿಡುವುದನ್ನು ಗಮನಿಸಿ. ಅದರೊಳಗಿನ ವಿಷಕಾರಿ ಸೀಸವನ್ನು ಕಾರ್ಖಾನೆಯಲ್ಲಿ ಕರಗಿಸಿ ಇನ್ನೊಂದು ಬ್ಯಾಟರಿಗೆ ಫಲಕ ಮಾಡಬಹುದು.