ಶಕ್ತಿಮಾನನ ಮುತ್ತಜ್ಜ ಯಾರು?



ಪಂಡಿತ್ ಗಂಗಾಧರ್ ವಿದ್ಯಾಧರ್ ಮಾಯಾಧರ್ ಓಂಕಾರನಾಥ್ ಶಾಸ್ತ್ರಿ. ಈ ಹೆಸರು ಕೇಳಿದೊಡನೆ ನಿಮ್ಮಲ್ಲಿ ಯಾರು ನಕ್ಕರೋ ಅವರಿಗೆ ಮೂವತ್ತು ದಾಟಿದೆ ಎಂದು ಧೈರ್ಯವಾಗಿ ಹೇಳಬಲ್ಲೆ. 1997ರ ಸೆಪ್ಟೆಂಬರ್‌ನಿಂದ 2005ರವರೆಗೆ ದೂರದರ್ಶನದಲ್ಲಿ ಬಂದ ‘ಶಕ್ತಿಮಾನ್’ ಧಾರಾವಾಹಿಯ ನಾಯಕನ ಪೂರ್ತಿ ಹೆಸರು ಅದು. ದಪ್ಪ ಕನ್ನಡಕ, ಉಬ್ಬುಹಲ್ಲು, ಹೆಗಲಿಗೆ ಕ್ಯಾಮರಾ. ‘ಆಜ್ ಕೀ ಆವಾಜ್’ ಪತ್ರಿಕೆಯಲ್ಲಿ ಕೆಲಸ. ಗರಗರನೆ ತಿರುಗಿದರೆ ಮಾತ್ರ ಅದೇ ಮನುಷ್ಯ ಕೆಂಪು ಪೋಷಾಕಿನ ಶಕ್ತಿಮಾನ್.

ಆ ಹೆಸರನ್ನು ಅವನು ಉಸಿರು ಬಿಡದೆ ಒಪ್ಪಿಸುವುದನ್ನು ಕೇಳಿ ನಾವೆಲ್ಲ ನಗುತ್ತಿದ್ದೆವು. ಆದರೆ ನಮ್ಮಲ್ಲಿ ಮುಂಜಿಯಾದ ಹುಡುಗ ತಾತನ ಮುಂದೆ ಕಿವಿ ಹಿಡಿದು ಬಗ್ಗಿ ‘ಅಭಿವಾದಯೇ’ ಎಂದು ಶುರುಮಾಡಿ, ಋಷಿಗಳು, ಗೋತ್ರ, ಸೂತ್ರ ಎಲ್ಲ ಹೇಳಿ, ಕೊನೆಗೆ ತನ್ನ ಹೆಸರಿಗೆ ಬರುತ್ತಾನಲ್ಲ, ಗಂಗಾಧರನದೂ ಅದೇ ಪಾಠ. ಏನು ವ್ಯತ್ಯಾಸವೆಂದರೆ ಇವನು ತನ್ನ ಹೆಸರನ್ನು ಮೊದಲು ಹೇಳುತ್ತಾನೆ. ಹಿಂದಿನವರನ್ನು ಬಿಟ್ಟು ತಾನೊಬ್ಬನೇ ನಿಲ್ಲಲಾರ.

ಅಮೆರಿಕದ ಶೂರರನ್ನು ನೋಡಿ. ಸೂಪರ್‌ಮ್ಯಾನ್‌ನ ಹೆತ್ತವರು ಗ್ರಹದೊಂದಿಗೇ ಹೋದರು. ಬ್ಯಾಟ್‌ಮ್ಯಾನ್‌ನ ತಂದೆತಾಯಿ ಗುಂಡಿಗೆ ಬಲಿಯಾದರು. ಸ್ಪೈಡರ್‌ಮ್ಯಾನ್ ಬೆಳೆದದ್ದು ದೊಡ್ಡಮ್ಮನ ಮನೆಯಲ್ಲಿ. ಮೂವರೂ ತಬ್ಬಲಿಗಳು. ಶಕ್ತಿಮಾನನಿಗಾದರೋ ಬಲ ಬಂದದ್ದು ಸೂರ್ಯಾಂಶಿಗಳೆಂಬ ಗುರುಗಳಿಂದ, ಯೋಗದಿಂದ, ಕುಂಡಲಿನಿಯಿಂದ. ಹಿರಿಯರು ಕೊಟ್ಟ ಆಸ್ತಿ ಎನ್ನಿ. ಧಾರಾವಾಹಿಯ ಗ್ರಾಫಿಕ್ಸ್ ಈಗ ನೋಡಿದರೆ ನಗು ತರಿಸುತ್ತದೆ, ಉಪದೇಶವೂ ಸ್ವಲ್ಪ ಜಾಸ್ತಿಯೇ. ಶಕ್ತಿಮಾನ್ ಬಂದು ಕಾಪಾಡುತ್ತಾನೆಂದು ಮಕ್ಕಳು ಅಪಾಯಕ್ಕೆ ಕೈಹಾಕಿದರೆಂಬ ವರದಿಗಳು ಪತ್ರಿಕೆಗಳಲ್ಲಿ ಬಂದು, ಹಾಗೆ ಮಾಡಬೇಡಿ ಎಂದು ಮುಕೇಶ್ ಖನ್ನಾ ತೆರೆಯ ಮೇಲೇ ಮಕ್ಕಳಿಗೆ ಹೇಳಬೇಕಾಯಿತು.

ಈ ಮುಕೇಶ್ ಖನ್ನಾ ಅದಕ್ಕೆ ಮುಂಚೆ ಯಾರಾಗಿದ್ದರು, ನೆನಪಿದೆಯೇ? ಬಿ.ಆರ್. ಚೋಪ್ರಾ ಅವರ ‘ಮಹಾಭಾರತ’ದ ಭೀಷ್ಮ. 1988ರಲ್ಲಿ ಮೂವತ್ತರ ಆಸುಪಾಸಿನ ನಟ ಬಿಳಿ ಗಡ್ಡ ಕಟ್ಟಿಕೊಂಡು ಇಡೀ ದೇಶಕ್ಕೆ ತಾತನಾದರು. ಮದುವೆಯಿಲ್ಲ, ಮಕ್ಕಳಿಲ್ಲ, ಆದರೂ ಎಲ್ಲರ ಬಾಯಲ್ಲೂ ಪಿತಾಮಹ.

ತ್ರಿಪ್ಲಿಕೇನ್‌ನವರಾದ ನಮಗೆ ಭೀಷ್ಮನೆಂದರೆ ಬೇರೆಯೇ ಸಲಿಗೆ. ನಮ್ಮ ಪಾರ್ಥಸಾರಥಿ ಗುಡಿಯ ಉತ್ಸವಮೂರ್ತಿಯ ಮುಖದಲ್ಲಿ ಗಾಯದ ಗುರುತುಗಳಿವೆ. ಕುರುಕ್ಷೇತ್ರದಲ್ಲಿ ಭೀಷ್ಮನ ಬಾಣಗಳು ತಾಗಿದ್ದು ಎನ್ನುತ್ತಾರೆ. ಇನ್ನು ಗರ್ಭಗುಡಿಯ ವೆಂಕಟಕೃಷ್ಣ. ಮೀಸೆ ಹೊತ್ತ ದೊಡ್ಡ ಮೂರ್ತಿ. ಕೈಯಲ್ಲಿ ಶಂಖವಿದೆ, ಚಕ್ರವಿಲ್ಲ. ಯುದ್ಧದಲ್ಲಿ ಆಯುಧ ಹಿಡಿಯುವುದಿಲ್ಲವೆಂದು ಮಾತು ಕೊಟ್ಟವನಲ್ಲವೇ! ಅವನು ಒಬ್ಬನೇ ಇಲ್ಲ ಅಲ್ಲಿ. ಜೊತೆಗೆ ರುಕ್ಮಿಣಿ, ಅಣ್ಣ ಬಲರಾಮ, ಸಾತ್ಯಕಿ, ಮಗ ಪ್ರದ್ಯುಮ್ನ, ಮೊಮ್ಮಗ ಅನಿರುದ್ಧ. ಮೂರು ತಲೆಮಾರು ಒಂದೇ ಕೋಣೆಯಲ್ಲಿ, ನಮ್ಮ ಹಳೇ ಬೀದಿಗಳ ವಠಾರದ ಮನೆಗಳ ಹಾಗೆ. ಮೊಮ್ಮಗನ ಜೊತೆ ನಿಂತ ಕೃಷ್ಣನನ್ನು ನೋಡುವ ಭಾಗ್ಯ ಎಲ್ಲ ಊರಿನವರಿಗೂ ಇಲ್ಲ.

ಈ ಸಂಸಾರದ ಕಥೆಯನ್ನು ಅಜ್ಜಿಯರು ಅರ್ಧವೇ ಹೇಳುತ್ತಾರೆ. ಮೌಸಲಪರ್ವದಲ್ಲಿ ಯಾದವರು ತಮ್ಮತಮ್ಮಲ್ಲೇ ಹೊಡೆದಾಡಿಕೊಂಡಾಗ ಸಾತ್ಯಕಿ ಹೋದ, ಪ್ರದ್ಯುಮ್ನ ಹೋದ, ಅನಿರುದ್ಧನೂ ಹೋದ. ಉಳಿದದ್ದು ಅನಿರುದ್ಧನ ಮಗ, ಕೃಷ್ಣನ ಮರಿಮಗ ವಜ್ರ. ನಮ್ಮ ಅಜ್ಜಿಯರದೂ ತಪ್ಪಲ್ಲ. ಅವರು ಕೇಳಿ ಬೆಳೆದ ಕುಮಾರವ್ಯಾಸ ಗದಾಪರ್ವಕ್ಕೇ ನಿಲ್ಲಿಸಿದ. ಮಿಕ್ಕದ್ದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣಕವಿ ಬರೆದ. ಆದರೆ ಗಮಕಿಗಳ ಬಾಯಲ್ಲಿ, ಮನೆಮನೆಯ ನೆನಪಿನಲ್ಲಿ ಹೆಚ್ಚಾಗಿ ಉಳಿದದ್ದು ಕುಮಾರವ್ಯಾಸನೇ.

ಈಗ ಭಾನುವಾರ ಮಧ್ಯಾಹ್ನಕ್ಕೆ ಬರೋಣ. ತ್ರಿಪ್ಲಿಕೇನ್‌ನ ಕನ್ನಡದ ಮನೆಯಲ್ಲಿ ‘ಶಕ್ತಿಮಾನ್’ ಶುರುವಾಯಿತು ಎನ್ನಿ. ಅಡುಗೆಮನೆಯಲ್ಲಿ ಸಾರಿಗೆ ಒಗ್ಗರಣೆ, ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಇಂಗ್ಲಿಷ್, ಪೆಟ್ಟಿಗೆಯೊಳಗೆ ಹಿಂದಿ. ಅಜ್ಜಿಗೆ ಹಿಂದಿ ಬಾರದು. ಹಿಂದಿ ಪ್ರಚಾರ ಸಭೆಯ ಪ್ರಾಥಮಿಕ್, ಮಧ್ಯಮಾ ಪರೀಕ್ಷೆ ಕಟ್ಟಿದ ಮೊಮ್ಮಗುವಿಗೆ ಅಲ್ಪಸ್ವಲ್ಪ ಬರುತ್ತದೆ. “ಏನಂತೋ ಅವನು, ಆ ಕರೀ ಬಟ್ಟೆಯವನು?” ಎಂದು ಅಜ್ಜಿ ಕೇಳಬೇಕು. “ಕತ್ತಲೆಯೇ ಇರಲಿ ಅಂತಾನೆ ಅಜ್ಜಿ, ಅವನು ಕಿಲ್ವಿಷ್” ಎಂದು ಮಗು ಹೇಳಬೇಕು. ನಮ್ಮ ಮನೆಯಲ್ಲೂ ಹೀಗೇ ಇತ್ತು. ಶಾಲೆಯಲ್ಲಿ ಕನ್ನಡದ ಅಕ್ಷರ ಕಾಣದ ಎಷ್ಟೋ ಮಕ್ಕಳು ವಾರಕ್ಕೆ ಅರ್ಧ ಗಂಟೆ ಕನ್ನಡದಲ್ಲಿ ಕಥೆ ಹೇಳಿದ್ದು ಹೀಗೆ, ಅದೂ ಅಜ್ಜಿಗೆ! ಸಾಮಾನ್ಯವಾಗಿ ಕಥೆ ಮೇಲಿನಿಂದ ಕೆಳಗಿಳಿಯುತ್ತದೆ, ಇಲ್ಲಿ ಕೆಳಗಿನಿಂದ ಮೇಲೇರುತ್ತಿತ್ತು.

ಆಗ ಕನ್ನಡದ ವಾಹಿನಿಗಳಲ್ಲಿ ಡಬ್ಬಿಂಗ್ ಎಂಬುದು ಸುಳಿಯುತ್ತಿರಲಿಲ್ಲ. ಡಬ್ಬಿಂಗ್ ತಡೆದ ಸಂಸ್ಥೆಗಳಿಗೆ ಭಾರತೀಯ ಸ್ಪರ್ಧಾ ಆಯೋಗ ದಂಡ ಹಾಕಿದ್ದು 2015ರಲ್ಲಿ. 2020ರ ಲಾಕ್‌ಡೌನ್‌ನಲ್ಲಿ ದೂರದರ್ಶನ ‘ಶಕ್ತಿಮಾನ್’ ಅನ್ನು ಮತ್ತೆ ಪ್ರಸಾರ ಮಾಡಿತು. ಅದೇ ವರ್ಷ ಕನ್ನಡದ ವಾಹಿನಿಯಲ್ಲಿ ‘ಮಹಾಭಾರತ’ವೊಂದು ಕನ್ನಡದಲ್ಲೇ ಮಾತಾಡಿತು. 2022ರ ಫೆಬ್ರವರಿಯಲ್ಲಿ ಸೋನಿ ಸಂಸ್ಥೆ ಶಕ್ತಿಮಾನ್ ಸಿನಿಮಾ ಮಾಡುವುದಾಗಿ ಸಾರಿತು. ಡಬ್ಬಿಂಗ್ ಬಂದದ್ದು ನನಗೆ ಸಂತೋಷವೇ. ಕನ್ನಡದ ಮಗುವಿಗೆ ಶೂರನೊಬ್ಬ ಕನ್ನಡದಲ್ಲಿ ಮಾತಾಡಿದರೆ ಯಾರಿಗೇನು ನಷ್ಟ? ಆದರೆ ಈಗ ಅಜ್ಜಿಯ ಕೈಯಲ್ಲೊಂದು ಫೋನು, ಮೊಮ್ಮಗುವಿನ ಕೈಯಲ್ಲೊಂದು ಫೋನು. ಅವರವರಿಗೆ ಬೇಕಾದ ಭಾಷೆ ಅವರವರಿಗೆ ಸಿಗುತ್ತದೆ. “ಏನಂತೋ ಅವನು?” ಎಂದು ಯಾರೂ ಯಾರನ್ನೂ ಕೇಳಬೇಕಾಗಿಲ್ಲ.

ಮುಂದಿನ ಸಲ ಮಗುವನ್ನು ಪಾರ್ಥಸಾರಥಿ ಗುಡಿಗೆ ಕರೆದುಕೊಂಡು ಹೋದಾಗ, ಸಾಲು ಎಷ್ಟೇ ಉದ್ದವಿರಲಿ, ಒಳಗೆ ನಿಂತಿರುವವರ ಹೆಸರುಗಳನ್ನು ಒಂದೊಂದಾಗಿ ಹೇಳಿಬಿಡಿ. ಮಗು ತಮಿಳಿನಲ್ಲಿ ಕೇಳಿದರೂ ಚಿಂತೆಯಿಲ್ಲ, ನೀವು ಕನ್ನಡದಲ್ಲೇ ಹೇಳಿ. ಹೊರಗೆ ಬಂದ ಮೇಲೆ ವಜ್ರನ ವಿಷಯ. ಆಮೇಲೆ ನಿಮ್ಮ ತಾತನ ಹೆಸರು, ಅವರ ತಂದೆಯ ಹೆಸರು, ಅವರು ಯಾವ ಊರಿನಿಂದ ಈ ಮದರಾಸಿಗೆ ಬಂದರು ಎಂಬುದು. ಗಂಗಾಧರನ ಹಾಗೆ ಉಸಿರು ಬಿಡದೆ ಹೇಳಲು ಬರುತ್ತದೆಯೇ ನೋಡಿ. ಬಂದರೆ ನಮಗೊಂದು ಕಾಗದ ಬರೆಯಿರಿ. ಹೆಸರುಗಳು ಎಷ್ಟೇ ಉದ್ದವಿದ್ದರೂ ಇದೇ ವೇಳೆಯಲ್ಲಿ ಪೂರ್ತಿಯಾಗಿ ಓದುತ್ತೇನೆ.